ರೊಟ್ಟಿ ಸಪ್ಪಳ ಕೇಳದ ಸೋಮವಾರ

ವಿಜಾಪುರ, ಕೋರ್ಟಿನ ಕಟ್ಟೆ
ತಾ. ೧೮-೧೧-೧೯೬೩, ಸೋಮವಾರ ಮಧ್ಯಾಹ್ನ

ರೇವಪ್ಪನವರಿಗೆ, ನಿಮ್ಮ ಹೆಂಡತಿ ಸಾವಂತ್ರವ್ವ ಮಾಡುವ ಶರಣು.

ಹೆಸರು ಹಿಡಿದು ಬರೆದಳಲ್ಲ ಅಂತ ಹುಬ್ಬು ಗಂಟು ಹಾಕಬೇಡಿರಿ. ಇವತ್ತು ಕೋರ್ಟಿನಲ್ಲಿ ಪಟ್ಟೇವಾಲಾ ನನ್ನ ಗಂಡನ ಹೆಸರು ಕೇಳಿದ. ಮದುವೆಯಲ್ಲಿ ಒಡಪು ಕಟ್ಟಿ ಹೇಳಿದ್ದು ಬಿಟ್ಟರೆ ಆ ಹೆಸರು ನನ್ನ ಬಾಯಿಂದ ಬಂದದ್ದಿಲ್ಲ. ತಲೆ ಬಗ್ಗಿಸಿ ನಿಂತೆ. ಲಗೂ ಹೇಳವ್ವಾ, ಇಲ್ಲೇನು ನಿಮ್ಮ ಬೀಗರು ಕುಂತಿಲ್ಲ ಅಂದ. ಹೇಳಿಬಿಟ್ಟೆ, ಎಲ್ಲರ ಮುಂದೆ, ಜೋರಾಗಿ. ಮುಂದೆ ಅದೇ ಹೆಸರನ್ನು ಬಾಗಿಲಲ್ಲಿ ನಿಂತು ಅವನೂ ಕೂಗಿದ, ಕಮಿಟಿಯ ಸಾಕ್ಷಿ ರೇವಪ್ಪ ಹಾಜರ್ ಹೈ ಅಂತ. ಮತ್ತೆ ಕೂಗಿದ. ನೀವು ಬರಲಿಲ್ಲ.

ಬರುವುದಿಲ್ಲ ಅಂತ ನನಗೆ ಗೊತ್ತಿತ್ತು. ಸಂಜೆ ಗಾಡಿಗೆ ನಾನೂ ಬರುತ್ತೇನೆ, ಆದರೆ ಎದುರಿಗೆ ನಿಂತರೆ ನಮ್ಮಿಬ್ಬರ ಮಾತು ಜಗಳವಾಗುತ್ತದೆ. ಅದಕ್ಕೇ ಕಾಗದ.

ದಿನಾ ವಿಜಾಪುರಕ್ಕೆ ದುಡಿಯಲು ಹೋಗಿ ಬರುವ ಮಂದಿಗೆ ಅಂತ ಸರಕಾರ ನಮಗೊಂದು ಸ್ಟೇಶನ್ ಕೊಟ್ಟಿತು. ಒಳ್ಳೆಯದೇ. ಅದರ ಬೆನ್ನಿಗೇ ನಿಮ್ಮ ಬಸಂತರಾಯರು ಓಣಿ ಸುಧಾರಣಾ ಕಮಿಟಿ ಕಟ್ಟಿ ಅಧ್ಯಕ್ಷರಾದರು. ಚೌಕ ಆಗಬೇಕಂತೆ, ಅಂಗಡಿ ಸಾಲು ಆಗಬೇಕಂತೆ, ಅವರ ಅಳಿಯನ ಹೋಟೆಲು ಆಗಬೇಕಂತೆ. ಅದಕ್ಕೆಲ್ಲ ನಮ್ಮ ರೊಟ್ಟಿ ಸಾಲು ಅಡ್ಡ. ದುಡಿಯುವವರಿಗೆ ಬುತ್ತಿ ಕಟ್ಟಿಕೊಡುವ ಹೆಂಗಸರ ಮನೆ ಹೊಲಸಂತೆ, ಹೊಗೆಯಂತೆ, ಸ್ಟೇಶನ್ ಆದ ಮೇಲೆ ಎದ್ದ ಅತಿಕ್ರಮಣವಂತೆ.

ಸ್ಟೇಶನ್ ಆದ ಮೇಲೆ! ಸ್ಟೇಶನ್ನಿನ ಪಾಯ ತೋಡಿದವರು ಯಾರ ರೊಟ್ಟಿ ತಿಂದು ತೋಡಿದರು? ಅವತ್ತು ನಮ್ಮ ಮನೆಯ ಗೋಡೆಗೆ ಮಣ್ಣು ತುಳಿದವರು ನೀವು. ಪಕ್ಕದ ಮನೆಯ ರೋಷನಬಿಯ ಛಪ್ಪರಕ್ಕೆ ತೊಲೆ ಏರಿಸಿದವರು ನೀವು. ಕರ್ನಾಟಕ ಒಂದಾಗಲಿ ಅಂತ ಝಂಡಾ ಹಿಡಿದು ಲಾಠಿ ತಿಂದು ಬಂದು, ಒಲೆಯ ಬೂದಿ ಹರವಿ ನನಗೆ ಅಕ್ಷರ ತಿದ್ದಿಸಿದವರೂ ನೀವೇ. ಕಮಿಟಿಯ ಕಾರಕೂನಿಕೆ ಸಿಕ್ಕಿತು ನೋಡಿ, ಹೊಗೆಗೆ ಕಣ್ಣು ಉರಿಯಾಕ ಹತ್ತಿದವು. ಹಳಿಯ ಆಚೆ ಕಮಿಟಿಯ ಮಾಳಿಗೆ ಹತ್ತಿ ಕುಳಿತಿರಿ.

ಬೇವಿನ ಗಿಡದ ಕೆಳಗಿನ ಸಭೆ ನೆನಪಿದೆಯೇನು? ಬಸಂತರಾಯರು ಹೋಟೆಲಿನ ಪಾವು, ಚಹಾ ಅಂತ ವರ್ಣನೆ ಮಾಡುತ್ತಿದ್ದರು. ರೋಷನಬಿ ಎದ್ದು ನಿಂತು, ಸಾವಕಾರ್ರ, ನಿಮ್ಮ ಪಾವ್ ತಿಂದು ಒಂದು ಹತ್ತಿ ಅಂಡಿಗಿ ಎತ್ತಿ ತೋರಿಸ್ರಿ, ಆಮ್ಯಾಲ ನಾವು ಮನಿ ಬಿಡ್ತೇವಿ ಅಂದಳು. ದಿನಾ ಅಂಡಿಗಿ ಹೊರುವ ಹತ್ತಿ ಜಿನ್ನಿನ ಹಮಾಲರು ಬಿದ್ದು ಬಿದ್ದು ನಕ್ಕರು. ನೀವೊಬ್ಬರೇ ನಗಲಿಲ್ಲ. ನಿಮ್ಮ ಕಾಲ ಬೆರಳು ನೋಡುತ್ತ ಕುಳಿತಿರಿ.

ಆಮೇಲೆ ಮನೆಗೆ ಬಂದಿರಿ. ಹೊಸ್ತಿಲ ಒಳಗೆ ಕಾಲಿಡಲಿಲ್ಲ. ಹಳ್ಳದ ಆಚೆ ಜಾಗ ಕೊಡಿಸ್ತೇನಿ, ಸುಮ್ಮನ ಹೋಗು, ಸುಧಾರಣೆಗೆ ಯಾರಾದರೂ ಸರಿಯಬೇಕಲ್ಲ ಅಂದಿರಿ. ಪ್ರತಿ ಸಲ ಆ ಯಾರಾದರೂ ನಾವೇ ಯಾಕ ಅಂತ ಕೇಳಿದೆ. ಸೋಮವಾರ ಕೋರ್ಟಿನಾಗ ಸಾಕ್ಷಿ ಹೇಳ್ತೇನಿ, ಈ ಮನಿ ಮೊನ್ನೆ ಮೊನ್ನೆ ಎದ್ದಾವು ಅಂತ, ನೀ ಏನ್ ಮಾಡ್ತಿ ಮಾಡು ಅಂದಿರಿ.

ಮಾಡಿದೆ.

ನಮ್ಮ ಓಣಿ ಗಡಿಯಾರ ನೋಡಿ ಏಳುವ ಓಣಿ ಅಲ್ಲ. ನಾವು ಕೊಣಮಿಗೆಯಲ್ಲಿ ಹಿಟ್ಟು ನಾದಿ ರೊಟ್ಟಿ ಬಡಿಯಾಕ ಹತ್ತಿದರೆ, ಆ ಸಪ್ಪಳಕ್ಕೆ ಮಂದಿ ಏಳುತ್ತದೆ, ಗಾಡಿ ಹಿಡಿಯುತ್ತದೆ. ಹಳಿಯ ಆಚೆ ಹೋದರೂ ನೀವು ಅದೇ ಸಪ್ಪಳಕ್ಕೆ ಏಳುತ್ತೀರಿ. ಬಸಂತರಾಯರು ಕೊಟ್ಟ ಅಲಾರಾಮಿನ ಗಡಿಯಾರಕ್ಕೆ ನೀವು ಒಂದು ದಿನವೂ ಕೀಲಿ ಕೊಟ್ಟಿಲ್ಲ ಅಂತ ನಿಮ್ಮ ಖೋಲಿ ಗುಡಿಸುವ ಸುಗ್ರಾ ನಗುತ್ತ ಹೇಳಿದಳು. ಅವಳು ನಕ್ಕಳು. ನಾನು ನಗಲಿಲ್ಲ.

ನಿನ್ನೆ ಹೊತ್ತು ಮುಳುಗುವ ಮೊದಲೇ ಸಾಲಿನ ಹೆಂಗಸರೆಲ್ಲ ಕಟಿ ರೊಟ್ಟಿ ಬಡಿದು ಒಣಗಿಸಿಟ್ಟೆವು. ಇವತ್ತು ನಸುಕಿನಲ್ಲಿ ಒಂದು ಒಲೆಯೂ ಹೊತ್ತಲಿಲ್ಲ. ದುಡಿಯುವ ಗಂಡಸರನ್ನು ಮನೆ ಮನೆಗೆ ಹೋಗಿ ಮೈ ಮುಟ್ಟಿ ಎಬ್ಬಿಸಿದೆವು, ಬುತ್ತಿ ಕೊಟ್ಟೆವು. ನಮ್ಮನ್ನು ಇಲ್ಲೀತನಕ ಯಾರೂ ಎಬ್ಬಿಸಿಲ್ಲ, ನಮಗೆ ಅದರ ಚಿಂತೆ ಇರಲಿಲ್ಲ. ಗಾಡಿ ಬಿಟ್ಟಾಗ ಕಿಟಕಿಯಿಂದ ನೋಡಿದೆ. ಒಂದು ಕೈಯಲ್ಲಿ ಧೋತರ, ಒಂದು ಕೈಯಲ್ಲಿ ಚೀಲ ಹಿಡಿದು ಓಡಿ ಬಂದಿರಿ. ಗಾಡಿಯ ಡಬ್ಬಿಯೆಲ್ಲ ನಕ್ಕಿತು. ರೋಷನಬಿ ಮಾತ್ರ ನನ್ನ ತಲೆಯ ಸೆರಗು ಮುಂದಕ್ಕೆ ಎಳೆದು ಮುಖ ಮುಚ್ಚಿದಳು.

ಕಮಿಟಿಯ ಕಡೆ ಸಾಕ್ಷಿ ಇಲ್ಲದ್ದಕ್ಕೆ ಸಾಹೇಬರು ನಮ್ಮ ಅರ್ಜಿಗೆ ಮನಾಯಿ ಹುಕುಂ ಕೊಟ್ಟರು. ಮುಂದಿನ ತಾರೀಖಿನ ತನಕ ರೊಟ್ಟಿ ಸಾಲನ್ನು ಯಾರೂ ಮುಟ್ಟುವ ಹಾಗಿಲ್ಲ. ಗೆದ್ದೆವು ಅಂತ ಕುಣಿಯುವಷ್ಟು ಹುಚ್ಚಿ ನಾನಲ್ಲ. ಆ ತಾರೀಖಿಗೆ ನಿಮ್ಮನ್ನು ಮತ್ತೆ ಕೂಗುತ್ತಾರೆ. ಬಸಂತರಾಯರು ಹಿಂದಿನ ದಿನವೇ ನಿಮ್ಮನ್ನು ವಿಜಾಪುರಕ್ಕೆ ತಂದು ಮಲಗಿಸಬಹುದು.

ಅದು ಬೇಡ. ನಿಮ್ಮ ಮಾಳಿಗೆಯಲ್ಲೇ ಮಲಗಿರಿ. ಆ ದಿನ ನಾನು ರೊಟ್ಟಿ ಬಡಿಯುತ್ತೇನೆ, ಕೈ ಸೋಲುವ ಹಾಗೆ ಬಡಿಯುತ್ತೇನೆ, ನೀವು ಎದ್ದೇ ಏಳುತ್ತೀರಿ. ನಿದ್ದೆಯ ನೆಪ ನಿಮಗೆ ಎರಡನೇ ಸಲ ಸಿಗುವುದಿಲ್ಲ. ಗಾಡಿ ಹತ್ತಿರಿ. ಕಟಕಟೆಯಲ್ಲಿ ನಿಂತು ನನ್ನ ಮುಖ ನೋಡಿ ಹೇಳಿರಿ, ಆ ಗೋಡೆಯ ಮಣ್ಣು ಯಾರು ತುಳಿದರು, ಯಾವಾಗ ತುಳಿದರು ಅಂತ. ಸುಳ್ಳು ಹೇಳುವುದಿದ್ದರೆ ಅದನ್ನೂ ನನ್ನ ಮುಖ ನೋಡಿಯೇ ಹೇಳಿರಿ.

ಇಂತಿ,
ನಿಮ್ಮ ಮನೆಯಲ್ಲೇ ಇರುವ
ಸಾವಂತ್ರವ್ವ
ರೊಟ್ಟಿ ಸಾಲು, ಹೊಸ ಸ್ಟೇಶನ್, ತಾ. ಇಂಡಿ

ತಾ. ಕ.: ಗಾಡಿಗೆ ಹೋಗುವ ಮುಂಚೆ ನಿಮ್ಮ ಮಾಳಿಗೆಯ ಮೆಟ್ಟಿಲು ಹತ್ತಿದ್ದೆ. ಒಳಗೆ ಗೊರಕೆ ಕೇಳಿಸಿತು. ಗಾಡಿಗೆ ಇನ್ನೂ ಹೊತ್ತು ಇತ್ತು, ಕದ ಒಮ್ಮೆ ತಟ್ಟಿದ್ದರೆ ನಿಮಗೆ ಗಾಡಿ ಸಿಗುತ್ತಿತ್ತು. ತಟ್ಟಲು ಕೈ ಎತ್ತಿದ್ದೆ. ಕೆಳಗೆ ರೋಷನಬಿ ಕೆಮ್ಮಿದಳು, ಇಳಿದು ಬಂದೆ. ಸಾಲಿನಲ್ಲಿ ಯಾರಿಗೂ ಹೇಳಬೇಡ ಅಂತ ಅವಳಿಗೆ ಕೈಮುಗಿದಿದ್ದೇನೆ. ಕದದ ಚಿಲಕಕ್ಕೆ ಒಂದು ಗಂಟು ಕಟ್ಟಿ ಬಂದಿದ್ದೆ, ರೊಟ್ಟಿ, ಶೇಂಗಾ ಹಿಂಡಿ. ಓಡುವ ಗಡಬಡಿಯಲ್ಲಿ ನೋಡಿದಿರೋ ಇಲ್ಲೋ. ತಿಂದಿರೇನು?