ಸನ್ಮಾನಕ್ಕೆ ಹೋದ ವ್ಯಾನು

ಪ್ರತಿಷ್ಠಾನದ ಮಾನ್ಯ ಅಧ್ಯಕ್ಷರೇ,

ನಮ್ಮ ವ್ಯಾನನ್ನು ವಾಪಸು ಕೊಡಿ. ಸುತ್ತಿ ಬಳಸಿ ಬರೆಯುವ ವ್ಯವಧಾನ ನನಗಿಲ್ಲ, ಅದಕ್ಕೇ ಮೊದಲ ಸಾಲಿನಲ್ಲೇ ಕೇಳಿಬಿಟ್ಟೆ. ಸ್ವಯಂಸೇವಕರ ಸನ್ಮಾನ ಸಮಾರಂಭದ ಬಾಗಿಲಲ್ಲಿ ಹೂವಿನಿಂದ ಸಿಂಗರಿಸಿ ನಿಲ್ಲಿಸಲೆಂದು ಮೂರು ವಾರದ ಹಿಂದೆ ನೀವು ತರಿಸಿಕೊಂಡ ಆ ಬಿಳಿ ವ್ಯಾನು ಆರು ಜನರನ್ನು ಡಯಾಲಿಸಿಸ್‌ಗೆ ಕರೆದೊಯ್ಯುತ್ತಿತ್ತು. ಈಗ ಐದು ಜನರಿದ್ದಾರೆ. ನಿಮ್ಮ ಜಾಲತಾಣದಲ್ಲಿ ಇನ್ನೂ ‘ಆರು ಕುಟುಂಬಗಳ ಬಾಳಿಗೆ ಬೆಳಕು’ ಎಂದೇ ಇದೆ. ಬಿಡುವಾದಾಗ ತಿದ್ದಿಸಿ.

ನನ್ನ ಪರಿಚಯ ನಿಮಗಿರಲಾರದು. ನಾನು ಶಾಲಾ ಮಕ್ಕಳ ಸಮವಸ್ತ್ರ ಹೊಲಿಯುವವಳು. ನನ್ನ ನಾದಿನಿ, ಎಂದರೆ ತೀರಿಹೋದ ನನ್ನ ಗಂಡನ ತಂಗಿ, ಪುಸ್ತಕಗಳಿಗೆ ರಟ್ಟು ಕಟ್ಟುವವಳು. ಮೂರನೇ ಮಹಡಿಯ ಎರಡು ಕೋಣೆಯ ಮನೆಯಲ್ಲಿ ಕಿಟಕಿಯ ಪಕ್ಕ ನನ್ನ ಮಷೀನು, ಬಾಗಿಲ ಪಕ್ಕ ಅವಳ ಗೋಂದು, ದಾರ, ರಟ್ಟು. ಅತ್ತಿಗೆ ನಾದಿನಿ ಹದಿನೇಳು ವರ್ಷ ಒಂದೇ ಸೂರಿನಡಿ ಜಗಳವಿಲ್ಲದೆ ಇದ್ದೇವೆ ಎಂದರೆ ಯಾರೂ ನಂಬುವುದಿಲ್ಲ. ನಂಬಬೇಕಾಗಿಯೂ ಇಲ್ಲ, ದಿನಾ ಜಗಳವಾಡುತ್ತೇವೆ. ನನ್ನ ಬಟ್ಟೆಯ ಕತ್ತರಿಯಲ್ಲಿ ಅವಳು ರಟ್ಟು ಕತ್ತರಿಸುತ್ತಾಳೆ ಎಂಬುದು ಇಂದಿಗೂ ಬಗೆಹರಿಯದ ವ್ಯಾಜ್ಯ.

ಐದು ವರ್ಷದ ಹಿಂದೆ ಅವಳ ಎರಡೂ ಮೂತ್ರಪಿಂಡಗಳು ಕೈಕೊಟ್ಟವು. ಅಂದಿನಿಂದ ಸೋಮವಾರ, ಬುಧವಾರ, ಶುಕ್ರವಾರ ನಾಲ್ಕು ನಾಲ್ಕು ಗಂಟೆ ಅವಳು ಯಂತ್ರದ ಪಕ್ಕ ಮಲಗಬೇಕು. ಆ ಯಂತ್ರವಿರುವ ಆಸ್ಪತ್ರೆ ನಲವತ್ತು ಕಿಲೋಮೀಟರ್ ದೂರ. ಅಧ್ಯಕ್ಷರೇ, ನೀವು ‘ಡಯಾಲಿಸಿಸ್’ ಎಂಬ ಪದವನ್ನು ವೇದಿಕೆಯ ಮೇಲೆ ಏಳು ಸಲ ಬಳಸಿದಿರಿ, ನಾನು ಎಣಿಸುತ್ತಿದ್ದೆ. ಒಂದು ಸರದಿ ತಪ್ಪಿದರೆ ಏನಾಗುತ್ತದೆ ಎಂದು ಮಾತ್ರ ಒಂದು ಸಲವೂ ಹೇಳಲಿಲ್ಲ. ನಾನು ಹೇಳುತ್ತೇನೆ. ಒಂದು ತಪ್ಪಿದರೆ ಪಾದ ಊದಿಕೊಳ್ಳುತ್ತದೆ, ಬೆರಳಲ್ಲಿ ಒತ್ತಿದರೆ ಗುಳಿ ಬಿದ್ದು ಹಾಗೇ ಉಳಿಯುತ್ತದೆ. ಎರಡು ತಪ್ಪಿದರೆ ನೀರು ಮೇಲೇರಿ ಶ್ವಾಸಕೋಶಕ್ಕೆ ಬರುತ್ತದೆ. ಆಗ ಮನುಷ್ಯ ಒಣನೆಲದ ಮೇಲೆ ಕೂತಲ್ಲೇ ಮುಳುಗುತ್ತಾನೆ.

ವ್ಯಾನನ್ನು ಓಡಿಸುತ್ತಿದ್ದವರು ನೀವು ಸನ್ಮಾನಿಸಿದ ಆ ನಿವೃತ್ತ ಬಸ್ ಚಾಲಕರು. ನಾವೆಲ್ಲ ಅವರನ್ನು ನಿಧಾನಣ್ಣ ಎನ್ನುತ್ತೇವೆ. ಯಂತ್ರದಿಂದ ಬಿಡಿಸಿಕೊಂಡು ಬಂದವರಿಗೆ ಸಣ್ಣ ಕುಲುಕೂ ತಾಳದು, ವಾಂತಿಯಾಗುತ್ತದೆ. ಅದಕ್ಕಾಗಿ ಆತ ನಲವತ್ತು ಕಿಲೋಮೀಟರನ್ನು ಎರಡು ಗಂಟೆ ಓಡಿಸುತ್ತಾರೆ. ಸೈಕಲ್ಲುಗಳು ನಮ್ಮನ್ನು ಹಿಂದೆ ಹಾಕಿ ಹೋಗುತ್ತವೆ. “ಅಣ್ಣಾ, ಇಳಿದು ತಳ್ಳಲಾ?” ಎಂದು ನನ್ನ ನಾದಿನಿ ರೇಗಿಸುತ್ತಾಳೆ. “ತಳ್ಳಮ್ಮ, ಆದ್ರೆ ನಿಧಾನಕ್ಕೆ ತಳ್ಳು,” ಎನ್ನುತ್ತಾರೆ ಅವರು. ಆರು ವರ್ಷದಲ್ಲಿ ಒಂದು ದಿನ ರಜೆ ಹಾಕಿದವರಲ್ಲ. ಇಂಥವರನ್ನು ಹುಡುಕಿ ಗೌರವಿಸಿದ್ದು ತಪ್ಪೇ ಎಂದು ನೀವು ಕೇಳಬಹುದು. ಖಂಡಿತ ಅಲ್ಲ. ಆದರೆ ಈಜುವವನನ್ನು ಮೆಚ್ಚಿಕೊಂಡು ಕೈ ಕುಲುಕಲು ಹೋಗಿ, ಅವನ ಎರಡೂ ಕೈ ಹಿಡಿದುಕೊಂಡು ಬಿಡದೆ ಇರುವುದಕ್ಕೆ ಏನೆನ್ನಬೇಕು?

ಸಮಾರಂಭವಿದ್ದ ವಾರದ ಮಂಗಳವಾರ ನಿಮ್ಮ ಕಚೇರಿಯ ಸಂಯೋಜಕಿ ನಿಧಾನಣ್ಣನ ಮನೆಗೆ ಬಂದು ವ್ಯಾನಿನ ಕೀಲಿ ಕೇಳಿದರಂತೆ. ವ್ಯಾನು ಪ್ರತಿಷ್ಠಾನದ ಹೆಸರಿನಲ್ಲಿದೆ, ಇಲ್ಲ ಎನ್ನಲು ಅವರಿಗೇನು ಹಕ್ಕಿದೆ?

“ನಾಳೆ ಬುಧವಾರ ಅಲ್ವೇನಮ್ಮ, ಪೇಷೆಂಟುಗಳು ಹೋಗ್ಬೇಕು,” ಎಂದಿದ್ದಾರೆ.

“ಬಣ್ಣ ಹೊಡೆಸ್ಬೇಕು ಸರ್, ಒಣಗೋಕೆ ಎರಡು ದಿನ ಬೇಕು. ಒಂದು ಸಲ ಅಡ್ಜಸ್ಟ್ ಮಾಡ್ಕೊಳ್ಳಿ. ಶುಕ್ರವಾರಕ್ಕೆ ಬೇರೆ ಗಾಡಿ ಕಳಿಸ್ತೀವಿ. ಎಲ್ಲಾ ನಿಮ್ಮ ಗೌರವಕ್ಕೇ ತಾನೆ?”

ಬುಧವಾರ ನಾವು ಅಡ್ಜಸ್ಟ್ ಮಾಡಿಕೊಂಡೆವು. ಎರಡು ಬಸ್ಸು ಬದಲಾಯಿಸಿ, ಎರಡನೆಯದರಲ್ಲಿ ನಿಂತುಕೊಂಡೇ ಹೋಗಿ, ತಲುಪುವಷ್ಟರಲ್ಲಿ ಒಂದೂವರೆ ಗಂಟೆ ತಡವಾಗಿತ್ತು. ಮುಂದಿನ ಸರದಿಯವರು ಬಾಗಿಲಲ್ಲೇ ಕಾಯುತ್ತಿದ್ದರು. ನಾದಿನಿಗೆ ಸಿಕ್ಕಿದ್ದು ನಾಲ್ಕರ ಬದಲು ಎರಡೂವರೆ ಗಂಟೆ. ಆರು ಜನರಲ್ಲಿ ಹಿರಿಯರಾದ ನಿವೃತ್ತ ಲೆಕ್ಕದ ಮೇಷ್ಟ್ರಿಗೆ ಬಸ್ಸಿನ ಮೆಟ್ಟಿಲನ್ನೇ ಹತ್ತಲಾಗಲಿಲ್ಲ. “ನೀವ್ ಹೋಗ್ ಬನ್ನಿ, ನಾನು ಶುಕ್ರವಾರ ಬಡ್ಡಿ ಸಮೇತ ವಸೂಲಿ ಮಾಡ್ತೀನಿ,” ಎಂದು ನಗುತ್ತಾ ನಿಲ್ದಾಣದ ಬೆಂಚಿನ ಮೇಲೆ ಉಳಿದುಬಿಟ್ಟರು.

ಶುಕ್ರವಾರ ಬೆಳಿಗ್ಗೆ ಆರಕ್ಕೆ ಆರೂ ಜನ ಯಾವಾಗಲೂ ವ್ಯಾನು ಹತ್ತುವ ಔಷಧಿ ಅಂಗಡಿಯ ಮೂಲೆಯಲ್ಲಿ ನಿಂತೆವು. ಏಳಾಯಿತು, ಎಂಟಾಯಿತು. ಮೇಷ್ಟ್ರು ಅಂಗಡಿಯ ಕಟ್ಟೆಯ ಮೇಲೆ ಕೂತು ಬಾಯಲ್ಲಿ ಉಸಿರಾಡುತ್ತಿದ್ದರು. ನಿಮ್ಮ ಸಂಯೋಜಕಿ ಫೋನ್ ಎತ್ತಿದ್ದು ಒಂಬತ್ತಕ್ಕೆ. ಆಗ ಬಸ್ಸು ಹಿಡಿದರೂ ತಲುಪುವಷ್ಟರಲ್ಲಿ ನಮ್ಮ ಸರದಿ ಮುಗಿದಿರುತ್ತಿತ್ತು. “ಅಯ್ಯೋ, ಆ ಗಾಡಿ ಮುಖ್ಯ ಅತಿಥಿಗಳನ್ನ ಕರ್ಕೊಂಡ್ ಬರೋಕೆ ಹೋಗಿದೆ. ಸೋಮವಾರದಿಂದ ಎಲ್ಲಾ ಸರಿಹೋಗುತ್ತೆ. ಸಂಜೆ ಮಾತ್ರ ಮರೀದೆ ಬನ್ನಿ, ಫಲಾನುಭವಿಗಳಿಗೇ ಅಂತ ಒಂದು ಸಾಲು ಕುರ್ಚಿ ಇಟ್ಟಿದೀವಿ!”

ಫಲಾನುಭವಿ. ಎಂಥ ಸೊಗಸಾದ ಮಾತು! ಫಲವನ್ನು ಅನುಭವಿಸುವವರು. ಅನುಭವಿಸಿದೆವು.

ಹೋಗುವುದು ಬೇಡ ಎಂದು ನಾದಿನಿಗೆ ಹೇಳಿದೆ. ಅವಳ ಕಣ್ಣಿನ ಕೆಳಗೆ ಆಗಲೇ ಊದಿತ್ತು. “ಅತ್ತಿಗೆ, ನಿಧಾನಣ್ಣಂಗೆ ಅಂತ ಯಾರಿದಾರೆ? ನಾವೂ ಹೋಗ್ದೆ ಇದ್ರೆ ಚಪ್ಪಾಳೆ ಹೊಡೆಯೋರು ಯಾರು?” ಎಂದಳು. ನಾನು ಸೋತೆ. ಈ ಪತ್ರದಲ್ಲಿ ನಿಮ್ಮೊಬ್ಬರನ್ನೇ ಕಟಕಟೆಗೆ ಹತ್ತಿಸುತ್ತಿಲ್ಲ. ಅವಳನ್ನು ಎಳೆದುಕೊಂಡು ಸೀದಾ ಯಾವುದಾದರೂ ಆಸ್ಪತ್ರೆಗೆ ಹೋಗದ ನನ್ನನ್ನೂ ಹತ್ತಿಸಿದ್ದೇನೆ.

ಸಭಾಂಗಣದ ಬಾಗಿಲಲ್ಲಿ ವ್ಯಾನು ನಿಂತಿತ್ತು. ಹೊಸ ಬಣ್ಣ, ಸುತ್ತಲೂ ಕೆಂಪು ಹಗ್ಗ, ಮೇಲೆ ದೀಪದ ಸರ. ಎರಡೂ ಬದಿಗೆ ದಾನಿಗಳ ಹೆಸರು ಎಷ್ಟು ತುಂಬಿತ್ತೆಂದರೆ ಕಿಟಕಿಯ ಗಾಜನ್ನೂ ಬಿಟ್ಟಿರಲಿಲ್ಲ. ಒಳಗೆ ಹೋಗುತ್ತಿದ್ದಂತೆ ಕೈಗೆ ಹಣ್ಣಿನ ರಸದ ಲೋಟ ಕೊಟ್ಟರು. ನಮ್ಮವರಿಗೆ ಹಣ್ಣಿನ ರಸ ವಿಷ, ಅದರಲ್ಲಿನ ಪೊಟ್ಯಾಸಿಯಂ ಹೃದಯ ನಿಲ್ಲಿಸಿಬಿಡುತ್ತದೆ; ದಿನಕ್ಕೆ ಎರಡು ಲೋಟ ನೀರನ್ನೇ ಅಳೆದು ಕುಡಿಯುವವರು. ಛಾಯಾಗ್ರಾಹಕ ಬಿಡಲಿಲ್ಲ. “ಲೋಟ ಹಿಡ್ಕೊಂಡು ಸ್ವಲ್ಪ ನಗಿ ಮೇಡಂ.” ಆರು ಜನ ವಿಷದ ಲೋಟ ಹಿಡಿದು ನಕ್ಕರು. ಆ ಚಿತ್ರವೇ ಈಗ ನಿಮ್ಮ ವಾರ್ಷಿಕ ವರದಿಯ ಮುಖಪುಟದಲ್ಲಿರುವುದು.

ಭಾಷಣಗಳು ನಡೆದವು. ಕೊಡುವ ಕೈಯ ಬಗ್ಗೆ ನೀವು ನಲವತ್ತು ನಿಮಿಷ ಮಾತನಾಡಿದಿರಿ. ಬಳಿಕ ನಿಧಾನಣ್ಣನನ್ನು ಕರೆದು ಗಾಜಿನ ಫಲಕ ಕೊಟ್ಟು, “ಎರಡು ಮಾತು ಹೇಳಿ,” ಎಂದಿರಿ. ಅವರು ಎರಡು ಮಾತನ್ನಷ್ಟೇ ಹೇಳಿದರು. “ಬುಧವಾರಾನೂ ಗಾಡಿ ಹೋಗ್ಲಿಲ್ಲ, ಇವತ್ತೂ ಹೋಗ್ಲಿಲ್ಲ. ನನ್ ಪೇಷೆಂಟುಗಳು ಅಲ್ಲಿ ಕೂತಿದಾರೆ, ನೋಡಿ, ಅವರಿಗೆ ಹುಷಾರಿಲ್ಲ.” ನಿರೂಪಕಿ ಜಾಣೆ. “ಎಂಥ ವಿನಯ! ಈ ಕ್ಷಣದಲ್ಲೂ ಅವರಿಗೆ ಬೇರೆಯವರದೇ ಚಿಂತೆ!” ಎಂದಳು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಅಧ್ಯಕ್ಷರೇ, ಒಬ್ಬ ಮನುಷ್ಯನ ಕೂಗನ್ನು ಅಷ್ಟು ಪ್ರೀತಿಯಿಂದ ಹೊಸಕಿ ಹಾಕಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆ ಚಪ್ಪಾಳೆಯ ನಡುವೆಯೇ ನನ್ನ ನಾದಿನಿ ಮುಂದಿನ ಕುರ್ಚಿಯ ಬೆನ್ನು ಹಿಡಿದುಕೊಂಡು ಬಾಗಿದಳು. “ಅತ್ತಿಗೆ, ಗಾಳಿ ಸಾಲ್ತಿಲ್ಲ,” ಎಂದಳು. ಅವಳ ಎದೆಯೊಳಗೆ ನೀರು ಗುಳಗುಳ ಎನ್ನುವುದು ನನಗೇ ಕೇಳಿಸುತ್ತಿತ್ತು. ನಿಧಾನಣ್ಣ ವೇದಿಕೆಯಿಂದ ಹಾರಿದರು. ಅರವತ್ತೇಳು ವರ್ಷದ ಆ ಮನುಷ್ಯ ಅಷ್ಟು ಬೇಗ ಓಡಿದ್ದನ್ನು ನಾವ್ಯಾರೂ ಕಂಡಿರಲಿಲ್ಲ. ಹೊರಗೆ ಬಂದು ವ್ಯಾನಿನ ಬಾಗಿಲು ಎಳೆದರು. ಬೀಗ. ಕೀಲಿ ಸಂಯೋಜಕಿಯ ಬಳಿ. ಸಂಯೋಜಕಿ ಊಟದ ಮೇಜುಗಳ ಕಡೆ. ಅವರನ್ನು ಹುಡುಕಿ ಕರೆತಂದರೆ, ವ್ಯಾನಿನ ಹಿಂದೆಯೂ ಮುಂದೆಯೂ ಅತಿಥಿಗಳ ಕಾರು. “ಮುಖ್ಯ ಅತಿಥಿಗಳ ಫೋಟೋ ಒಂದು ಬಾಕಿ ಇದೆ, ಐದೇ ನಿಮಿಷ ಸರ್, ಆಮೇಲೆ ತೆಗೆಸ್ತೀವಿ,” ಎಂದರು ಆಕೆ.

ಕೊನೆಗೆ ಅವಳನ್ನು ಕರೆದೊಯ್ದದ್ದು ಅಡುಗೆಯವರ ಸಾಮಾನಿನ ಗಾಡಿ. ಪಾತ್ರೆ ತೊಳೆಯುವ ಹೆಂಗಸೊಬ್ಬಳು ಇಷ್ಟನ್ನೂ ನೋಡುತ್ತಿದ್ದಳು. ಯಾರ ಅಪ್ಪಣೆಯನ್ನೂ ಕೇಳದೆ ಎರಡು ದೊಡ್ಡ ಹಂಡೆಗಳನ್ನು ಕೆಳಗುರುಳಿಸಿ ಜಾಗ ಮಾಡಿದಳು. “ಹತ್ತಿಸ್ರೀ, ಏನ್ ನೋಡ್ತಾ ನಿಂತಿದೀರಾ?” ಎಂದು ಗದರಿದಳು. ಎಂಜಲು ತಟ್ಟೆಗಳ ನಡುವೆ ನಾದಿನಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಆ ಹೆಂಗಸಿಗೆ ಮುಂದಿನ ವರ್ಷ ಫಲಕ ಕೊಡಬೇಡಿ, ದಯವಿಟ್ಟು. ಅವಳಾದರೂ ಉಪಯೋಗಕ್ಕೆ ಉಳಿಯಲಿ.

ನಾದಿನಿ ನಾಲ್ಕು ದಿನ ತುರ್ತು ಘಟಕದಲ್ಲಿದ್ದು ಬದುಕಿ ಬಂದಳು. ಮೇಷ್ಟ್ರು ಸಮಾರಂಭದಿಂದ ಮಗಳ ಜೊತೆ ಮನೆಗೆ ಹೋದವರು ಶನಿವಾರ ಮಧ್ಯಾಹ್ನ ಕುರ್ಚಿಯಲ್ಲಿ ಕೂತೇ ತೀರಿಕೊಂಡರು. ಮಲಗಿದರೆ ಉಸಿರು ಕಟ್ಟುತ್ತದೆಂದು ಇಡೀ ರಾತ್ರಿ ಕೂತೇ ಇದ್ದರಂತೆ. ನಿಮ್ಮ ಕಚೇರಿಯಿಂದ ದೊಡ್ಡ ಹೂಗುಚ್ಛ ಬಂತು.

ಇಷ್ಟಾದ ಮೇಲೆ ವ್ಯಾನು ಸೋಮವಾರ ಬಂದಿರಬೇಕೆಂದು ಈ ಪತ್ರ ಓದುವವರು ಎಣಿಸಬಹುದು. ಬರಲಿಲ್ಲ. ಅದು ಈಗ ಸೇವಾ ಮನೋಭಾವದ ಬಗ್ಗೆ ಅರಿವು ಮೂಡಿಸುತ್ತಾ ಶಾಲೆಯಿಂದ ಶಾಲೆಗೆ ಸುತ್ತುತ್ತಿದೆ. ತಿಂಗಳ ಕೊನೆಯವರೆಗೆ ಕಾರ್ಯಕ್ರಮ ನಿಗದಿಯಾಗಿದೆ ಎಂದು ನಿಮ್ಮ ಕಚೇರಿ ಹೇಳುತ್ತದೆ. ನಾಲ್ಕು ಸಲ ಹೋಗಿದ್ದೇನೆ. ನಾಲ್ಕು ಸಲವೂ ನೀವು ಸಭೆಯಲ್ಲಿದ್ದಿರಿ. ನಾಲ್ಕನೆಯ ಸಲ ನಿಮ್ಮ ಸಹಾಯಕರು, “ಇಷ್ಟೊಂದು ಮಾಡಿದ ಮೇಲೂ ಜನಕ್ಕೆ ಕೃತಜ್ಞತೆ ಅನ್ನೋದೇ ಇಲ್ಲ,” ಎಂದು ಗೋಡೆಗೆ ಹೇಳಿದರು. ಗೋಡೆ ಒಪ್ಪಿಕೊಂಡಂತಿತ್ತು.

ನಿಧಾನಣ್ಣ ಗಾಜಿನ ಫಲಕವನ್ನು ನಿಮ್ಮ ಮೆಟ್ಟಿಲ ಮೇಲಿಟ್ಟು ಬಂದು, ತಮ್ಮ ಹಳೆಯ ಸ್ಕೂಟರನ್ನು ಹೊರಗೆ ತೆಗೆದರು. ಈಗ ಅದರಲ್ಲಿ ಕರೆದೊಯ್ಯುತ್ತಾರೆ. ಒಂದು ಸಲಕ್ಕೆ ಒಬ್ಬರು. ತಲೆ ಸುತ್ತಿ ಬೀಳದಂತೆ, ಶಾಲೆಯ ಚೀಲಕ್ಕೆಂದು ತಂದಿದ್ದ ದಪ್ಪ ಪಟ್ಟಿಯಿಂದ ನಾನೊಂದು ಬೆಲ್ಟು ಹೊಲಿದುಕೊಟ್ಟಿದ್ದೇನೆ, ರೋಗಿಯನ್ನು ಅವರ ಬೆನ್ನಿಗೆ ಕಟ್ಟಲು. ಮೂರು ಸಾಲು ಹೊಲಿಗೆ ಹಾಕಿದ್ದೇನೆ. ಆರೋಗ್ಯವಂತ ಯುವಕನೂ ಸುಸ್ತಾಗುವಷ್ಟು ದೂರವನ್ನು ಆ ಮುದುಕ ದಿನಕ್ಕೆ ಎರಡು ಸಲ ಹೋಗಿ ಬರುತ್ತಾರೆ. ಅಂದರೆ ಐವರಲ್ಲಿ ಇಬ್ಬರು. ಉಳಿದ ಮೂವರು ಬಸ್ಸು, ನೆಂಟರು, ಅದೃಷ್ಟ ಎಂದು ನೆಚ್ಚಿಕೊಳ್ಳಬೇಕು.

ಯಾವ ಇಬ್ಬರು ಎಂಬುದನ್ನು ಹೇಗೆ ತೀರ್ಮಾನಿಸುತ್ತೇವೆ ಗೊತ್ತೇ? ಬೆಳಿಗ್ಗೆ ಐದೂವರೆಗೆ ಔಷಧಿ ಅಂಗಡಿಯ ಕಟ್ಟೆಯ ಮೇಲೆ ಐದು ಜನ ಕಾಲು ಚಾಚಿ ಕೂರುತ್ತಾರೆ. ನಿಧಾನಣ್ಣ ಮಂಡಿಯೂರಿ ಒಬ್ಬೊಬ್ಬರ ಪಾದವನ್ನೂ ಹೆಬ್ಬೆರಳಿನಿಂದ ಒತ್ತುತ್ತಾರೆ. ಯಾರ ಗುಳಿ ಹೆಚ್ಚು ಆಳವೋ ಅವರು ಸ್ಕೂಟರ್ ಹತ್ತುತ್ತಾರೆ. ಉಳಿದವರ ಮುಖ ನೋಡಲಾರದೆ ಆತ ಬೇಗ ಗಾಡಿ ಚಾಲೂ ಮಾಡುತ್ತಾರೆ.

ನಿನ್ನೆ ಶುಕ್ರವಾರ ನನ್ನ ನಾದಿನಿಯ ಪಾದದಲ್ಲಿ ಗುಳಿ ಬೀಳಲಿಲ್ಲ. ಅವಳ ಬದಲು ನಮ್ಮ ಐವರಲ್ಲೊಬ್ಬಳು, ಬೇಕರಿಯಲ್ಲಿ ಕೆಲಸ ಮಾಡುವ, ಇಬ್ಬರು ಸಣ್ಣ ಮಕ್ಕಳ ತಾಯಿ, ಸ್ಕೂಟರ್ ಹತ್ತಿ ಹೋದಳು. ನನಗೆ ಸಮಾಧಾನವೇ ಆಗಿತ್ತು. ಮನೆಗೆ ಬಂದ ಮೇಲೆ ಕಾಲುಚೀಲ ಬಿಚ್ಚುವಾಗ ನೋಡುತ್ತೇನೆ, ಕಣಕಾಲಿನ ಸುತ್ತ ಪಟ್ಟಿಯ ಗುರುತು; ಪುಸ್ತಕದ ಬೆನ್ನಿಗೆ ಹಾಕುವ ಬಟ್ಟೆಯ ಪಟ್ಟಿಯನ್ನು ಹಿಂದಿನ ದಿನವೇ ಪಾದಕ್ಕೆ ಬಿಗಿಯಾಗಿ ಸುತ್ತಿ ಊತವನ್ನು ಮೇಲಕ್ಕೆ ತಳ್ಳಿದ್ದಾಳೆ. ಬೆಳಿಗ್ಗೆ ಅದನ್ನು ಬಿಚ್ಚಿಟ್ಟು ಕಟ್ಟೆಗೆ ಬಂದಿದ್ದಾಳೆ. ಮೊಣಕಾಲು ಮಡಕೆಯಂತಾಗಿತ್ತು.

“ಏನೇ ಇದು?” ಎಂದು ಕಿರುಚಿದೆ.

“ಅವಳಿಗೆ ಎರಡು ಮಕ್ಕಳಿದಾವೆ ಅತ್ತಿಗೆ.”

“ನನಗೆ ನೀನೊಬ್ಬಳೇ ಇರೋದು!”

ಅವಳು ಗೋಡೆಗೆ ದಿಂಬು ಇಟ್ಟು ಕೂತಳು. ಕೂತೇ ಇದ್ದಾಳೆ. ನಾನು ಇದನ್ನು ಬರೆಯುವಾಗಲೂ ಮಲಗದೆ, ದಿಂಬಿಗೆ ಒರಗಿ ಕೂತಿದ್ದಾಳೆ.

ಅಧ್ಯಕ್ಷರೇ, ನಾನು ದೊಡ್ಡ ಮನಸ್ಸಿನವಳಲ್ಲ. ನಿಮ್ಮ ಫಲಕಕ್ಕೆ ಯೋಗ್ಯಳೂ ಅಲ್ಲ. ಆ ಮಕ್ಕಳ ತಾಯಿಯ ಬದಲು ನನ್ನ ನಾದಿನಿ ಹೋಗಬೇಕಿತ್ತು ಎಂದು ಮನಸ್ಸಿನಲ್ಲಿ ಬಂದಿತು, ಈಗಲೂ ಬರುತ್ತಿದೆ. ಒಳ್ಳೆಯವರನ್ನು ಇಂಥ ಲೆಕ್ಕಕ್ಕೆ ಇಳಿಸುವ ಹಕ್ಕನ್ನು ನಿಮಗೆ ಯಾರು ಕೊಟ್ಟರು? ನಿಮ್ಮ ಸೇವೆಯ ಕಥೆಯನ್ನು ಮಕ್ಕಳಿಗೆ ಹೇಳಲು ಬೇರೊಂದು ಗಾಡಿ ಸಿಗಲಾರದೇ? ಕಥೆಗೆ ಯಾವ ಗಾಡಿಯಾದರೂ ನಡೆಯುತ್ತದೆ. ನಮಗೆ ಇದೊಂದೇ ಇರುವುದು.

ಸೋಮವಾರ ಬೆಳಿಗ್ಗೆ ಐದೂವರೆಗೆ ವ್ಯಾನು ಔಷಧಿ ಅಂಗಡಿಯ ಮೂಲೆಯಲ್ಲಿರಬೇಕು. ಕೀಲಿ ನಿಧಾನಣ್ಣನ ಬಳಿಯೇ ಉಳಿಯಬೇಕು, ಮುಂದೆ ಯಾವ ಸಮಾರಂಭಕ್ಕೂ ಅದನ್ನು ಕೇಳಕೂಡದು. ಕಿಟಕಿಯ ಮೇಲಿನ ಹೆಸರುಗಳು ಬೇಕಾದರೆ ಹಾಗೇ ಇರಲಿ, ನಾವು ಹೊರಗೆ ನೋಡದೆಯೇ ಪ್ರಯಾಣ ಮಾಡುತ್ತೇವೆ. ಒಂದು ವೇಳೆ ಗಾಡಿ ಕಳಿಸಲು ಆಗದಿದ್ದರೆ ತಾವೇ ಬನ್ನಿ. ಐದು ಜನ ಕಾಲು ಚಾಚಿ ಕೂತಿರುತ್ತಾರೆ. ತಾವೇ ಮಂಡಿಯೂರಿ, ಒಬ್ಬೊಬ್ಬರ ಪಾದ ಒತ್ತಿ ನೋಡಿ, ಯಾರು ಉಳಿಯಬೇಕೆಂದು ತಾವೇ ಅವರ ಮುಖ ನೋಡಿ ಹೇಳಿ.

ಇಂತಿ,
ಕೃತಜ್ಞತೆ ಇಲ್ಲದವಳು ಎಂದು ತಮ್ಮ ಕಚೇರಿಯಲ್ಲಿ ದಾಖಲಾಗಿರುವ,
ಫಲಾನುಭವಿಯೊಬ್ಬಳ ಅತ್ತಿಗೆ