ರೇಂಜ್ ಇಲ್ಲದ ಜಾಗದ ಸರ್ವೆ

ಬಾಳೆಹಕ್ಲು, ಸಂಸೆ ಅಂಚೆ
ಕಳಸ ತಾಲ್ಲೂಕು
20 ಫೆಬ್ರವರಿ 2025, ಗುರುವಾರ

ಪ್ರೀತಿಯ ಸುಕನ್ಯಾ,

ಆರೋಗ್ಯವಾಗಿದ್ದೀಯ ತಾನೇ? ಕೆಮ್ಮು ಕಡಿಮೆಯಾಯಿತೇ? ಇಲ್ಲಿಂದ ಕೊಟ್ಟುಕಳಿಸಿದ ಕಷಾಯದ ಪುಡಿ ಪುಣೆಯ ಅಡುಗೆಮನೆಯಲ್ಲಿ ಡಬ್ಬಿಯ ಮುಚ್ಚಳ ಕೂಡ ತೆಗೆಸಿಕೊಳ್ಳದೆ ಕೂತಿರುತ್ತದೆ ಎಂದು ನನಗೆ ಗೊತ್ತು. ಅಮ್ಮ ಚೆನ್ನಾಗಿದ್ದಾರೆ. ಮಂಡಿಗೆ ನೋವಿದೆ, ಬಾಯಿಗೇನೂ ಆಗಿಲ್ಲ. ನಾನೂ ಕ್ಷೇಮ ಎಂದು ಬರೆಯುವುದು ವಾಡಿಕೆ, ಆದರೆ ಬರೆಯುವುದಿಲ್ಲ. ನನಗೆ ಸಿಟ್ಟು ಬಂದಿದೆ. ಭಾನುವಾರ ಕಳಸದ ಬಸ್‌ಸ್ಟ್ಯಾಂಡಿನಲ್ಲಿ ನಿಂತು ನಿನ್ನ ಜೊತೆ ಜಗಳ ಆಡುತ್ತಿದ್ದಾಗ ಚಾರ್ಜ್ ಮುಗಿದು ಫೋನ್ ಆಫ್ ಆಯಿತು. ಉಳಿದ ಜಗಳವನ್ನು ಮನೆಗೆ ಹೊತ್ತುಕೊಂಡು ಬಂದಿದ್ದೇನೆ. ಅದನ್ನು ನೆರೆಮನೆ ಶಿವಗಂಗಮ್ಮನ ಕೊಟ್ಟಿಗೆ ಹಿಂದಿನ ಕಲ್ಲಿನ ಮೇಲೆ ನಿಂತು ಫೋನಿನಲ್ಲಿ ಆಡಿದರೆ ಊರಿಗೆಲ್ಲ ಕೇಳುತ್ತದೆ. ಅದಕ್ಕೇ ಕಾಗದ. ಇದರಲ್ಲಾದರೂ ನೀನು ನಡುವೆ ಬಾಯಿ ಹಾಕುವಂತಿಲ್ಲ.

ಮೊದಲಿನಿಂದ ಹೇಳುತ್ತೇನೆ, ಯಾಕೆಂದರೆ ನೀನು ಅರ್ಧ ಕೇಳಿ ನಕ್ಕುಬಿಟ್ಟೆ. ಹೋದ ತಿಂಗಳು ರೊಬಸ್ಟಾ ಕಾಫಿ ಕೊಯ್ಲಿನ ಭರದಲ್ಲಿ ಒಂದು ಜೀಪು ಅಂಗಳಕ್ಕೆ ಬಂತು. ಇಬ್ಬರು ಗಂಡಸರು, ಅರ್ಚನಾ ಎಂಬ ಹುಡುಗಿ, ಮೂರು ಕಾಲಿನ ಒಂದು ಸ್ಟ್ಯಾಂಡು, ಅದರ ಮೇಲೆ ಮೀನಿನ ಮುಳ್ಳಿನಂಥ ಆಂಟೆನಾ. "ಇಲ್ಲಿ ಸಿಗ್ನಲ್ ಹೇಗಿದೆ ನೋಡ್ಬೇಕಿತ್ತು" ಎಂದಳು. ಇಷ್ಟು ವರ್ಷ ಟವರ್ ಬೇಕು ಎಂದು ಅರ್ಜಿ ಹಿಡಿದು ಚಿಕ್ಕಮಗಳೂರಿನ ಕಚೇರಿಗಳನ್ನೆಲ್ಲ ಸುತ್ತಿದ ಟವರ್ ಸಮಿತಿಯ ಅಧ್ಯಕ್ಷ, ಅಂದರೆ ನಾನು, ಏನೆಂದುಕೊಳ್ಳಬೇಕು ನೀನೇ ಹೇಳು. ಕಂಪನಿಯವರು ಕೊನೆಗೂ ಮತ್ತೆ ಬಂದರು ಎಂದುಕೊಂಡೆ. ಸುಕನ್ಯಾ ಮೇಡಂ ಮನೆ ಇದೇ ಅಲ್ವಾ ಎಂದು ಅವರು ಕೇಳಿದ್ದೂ ನಿಜ. ಆ ಅರ್ಜಿಗಳನ್ನು ಇಂಗ್ಲಿಷಿನಲ್ಲಿ ಬರೆದುಕೊಟ್ಟವಳು ನೀನು, ಕೆಳಗೆ ನಿನ್ನ ಸಹಿಯೂ ಇತ್ತು, ಹಾಗಾಗಿ ಅದೂ ನನ್ನ ತಲೆಯಲ್ಲಿ ಸರಿಹೋಯಿತು.

ಮೊದಲ ಸಲ ಬಂದಿದ್ದ ಟವರ್ ಕಂಪನಿಯವರು ಏನು ಮಾಡಿದ್ದರು ನೆನಪಿದೆಯಲ್ಲ? ಶಿವಗಂಗಮ್ಮನ ಆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ನಿಂತರೆ ಒಂದು ಕಡ್ಡಿ ರೇಂಜ್ ಸಿಗುತ್ತದೆ, ಇಡೀ ಊರಿಗೆ ಅದೊಂದೇ. ಅವರು ಅದರ ಮೇಲೆ ಹತ್ತಿ ಮನೆಗೆ ಫೋನ್ ಮಾಡಿ, ಇಲ್ಲಿ ನೆಟ್‌ವರ್ಕ್ ಇದೆ ಎಂದು ಬರೆದುಕೊಂಡು ಹೋದರು. ಈ ಸಲ ನಾನು ಬಿಡುತ್ತೇನೆಯೇ? ನಮ್ಮ ತೋಟದ ಗಿಡ್ಡಪ್ಪ ಮೇಸ್ತ್ರಿಗೆ ಕಣ್ಸನ್ನೆ ಮಾಡಿದೆ. ಅವನು ಹೋಗಿ ಶಿವಗಂಗಮ್ಮನ ಹಾಯುವ ಎಮ್ಮೆಯನ್ನು ಆ ಕಲ್ಲಿನ ಪಕ್ಕಕ್ಕೇ ಕಟ್ಟಿ ಬಂದ. ಹಣ್ಣು ಕೊಯ್ಯುವವರ ಸೊಂಟದಲ್ಲಿ ಹಾಡುತ್ತಿದ್ದ ಫೋನುಗಳನ್ನೆಲ್ಲ ಆಫ್ ಮಾಡಿಸಿದೆ. ಕರೆಂಟ್ ಬೆಳಗಿನಿಂದ ಇರಲಿಲ್ಲ, ಅದಕ್ಕೆ ನಾನೇನೂ ಮಾಡಬೇಕಾಗಿ ಬರಲಿಲ್ಲ. ಆಮೇಲೆ ಅವರನ್ನು ಹೊಂಡದ ಗದ್ದೆಗೆ ಇಳಿಸಿ, "ಇಲ್ಲಿ ಒಂದ್ ಕಡ್ಡಿ ಬಂದ್ರೆ ನನ್ನ ಹೆಸ್ರು ಬದ್ಲಾಯ್ಸಿ ಸಾರ್" ಎಂದೆ. ಮೀಟರ್ ನೋಡಿದ ಅರ್ಚನಾಳ ಮುಖ ಅರಳಿತು. ಇಷ್ಟು ನಿಶ್ಶಬ್ದದ ಜಾಗ ಎಲ್ಲೂ ಸಿಕ್ಕಿರಲಿಲ್ಲ ಎಂದಳು. ಟವರ್ ಹಾಕಲು ಬಂದವರು ಇದಕ್ಕೆ ಯಾಕೆ ಇಷ್ಟು ಖುಷಿಪಡಬೇಕು ಎಂದು ನನಗೆ ಅನುಮಾನ ಬರಬೇಕಿತ್ತು, ಬರಲಿಲ್ಲ. ಅಮ್ಮ ಕಡುಬು, ಕೋಳಿಸಾರು ಬಡಿಸಿದರು. ನಾನು ಒಂದು ಚೀಲ ಕಿತ್ತಳೆಯನ್ನೂ ಜೀಪಿಗೆ ಹಾಕಿದೆ.

ಅವರು ಹೋಗಿ ಕೆಲವು ದಿನದ ಮೇಲೆ ನಾನು ಕಳಸಕ್ಕೆ ಹೋದಾಗ ನಿನ್ನ ಮೆಸೇಜುಗಳೆಲ್ಲ ಒಟ್ಟಿಗೆ ಬಂದು ಬಿದ್ದವು. "ನಮ್ಮ ಸಂಸ್ಥೆಯವ್ರು ಮಂಗಳವಾರ ಬರ್ತಾರೆ, ರೇಡಿಯೋ ಟೆಲಿಸ್ಕೋಪಿಗೆ ಜಾಗ ನೋಡ್ಲಿಕ್ಕೆ. ಚೆನ್ನಾಗಿ ನೋಡ್ಕೊ." ಚೆನ್ನಾಗಿಯೇ ನೋಡಿಕೊಂಡೆ ಮಾರಾಯ್ತಿ.

ನಿನ್ನ ಕೆಲಸ ನನಗೆ ಅರ್ಥವಾಗುವುದಿಲ್ಲ ಎಂದು ಭಾನುವಾರ ಅಂದೆಯಲ್ಲ, ಆ ಮಾತು ಚುಚ್ಚಿತು. ಅರ್ಥವಾಗುತ್ತದೆ. ನೀನು ಅಮ್ಮನಿಗೆ ವಿವರಿಸುವಾಗ ನಾನು ಪಕ್ಕದಲ್ಲೇ ಅಡಿಕೆ ಸುಲಿಯುತ್ತಾ ಕೂತಿದ್ದೆ. ಒಂದು ಕಿವಿ ಮುಚ್ಚಿಕೊಂಡರೆ ಜೀಪು ಯಾವ ಕಡೆಯಿಂದ ಬರುತ್ತಿದೆ ಎಂದು ತಿಳಿಯುವುದಿಲ್ಲ, ಎರಡೂ ಕಿವಿ ಬೇಕು. ಕಿವಿಗಳ ನಡುವೆ ದೂರ ಹೆಚ್ಚಿದಷ್ಟೂ ಲೆಕ್ಕ ನಿಖರ. ನೆಲದ ಮೇಲೆ ಎಷ್ಟು ದೂರ ಇಟ್ಟರೂ ಭೂಮಿಯ ಅಗಲವನ್ನು ಮೀರುವ ಹಾಗಿಲ್ಲ, ಅದಕ್ಕೇ ಒಂದು ಟೆಲಿಸ್ಕೋಪನ್ನು ರಾಕೆಟ್ಟಿನಲ್ಲಿ ಮೇಲೆ ಕಳಿಸಿ ಭೂಮಿಯ ಸುತ್ತ ತಿರುಗಲು ಬಿಡುತ್ತೀರಿ. ಮೇಲಿನದ್ದೂ ಕೆಳಗಿನದ್ದೂ ಒಂದೇ ಹೊತ್ತಿಗೆ ಒಂದೇ ಕಡೆ ಕಿವಿಗೊಟ್ಟರೆ, ಒಂಟಿ ಟೆಲಿಸ್ಕೋಪಿಗೆ ಮಸುಕು ಚುಕ್ಕೆಯಾಗಿ ಕಾಣುವುದು ಬಿಡಿಬಿಡಿಯಾಗಿ ತೆರೆದುಕೊಳ್ಳುತ್ತದೆ, ಕಪ್ಪುಕುಳಿಯ ಹತ್ತಿರದಿಂದ ಏನು ಚಿಮ್ಮುತ್ತಿದೆ ಎಂಬುದೂ ತಿಳಿಯುತ್ತದೆ. "ಅಷ್ಟು ದೂರದ್ದು ಕೇಳ್ತದಾ? ಇವ್ನಿಗೆ ನಾ ಹಿತ್ಲಿಂದ ಕೂಗಿದ್ರೇ ಕೇಳಲ್ಲ" ಎಂದಿದ್ದರು ಅಮ್ಮ. ಅಲ್ಲಿಂದ ಬರುವ ಸದ್ದು ಎಷ್ಟು ಕ್ಷೀಣವೆಂದರೆ ಹತ್ತಿರ ಒಂದು ಮೊಬೈಲ್ ಟವರ್ ಇದ್ದರೆ ಮುಗಿಯಿತು, ಅದೂ ಗೊತ್ತು. ನನಗೆ ಅರ್ಥವಾಗದ್ದು ಒಂದೇ, ದೇಶದಲ್ಲಿ ಇಷ್ಟು ಜಾಗವಿರುವಾಗ ಆ ಕೆಳಗಿನ ಕಿವಿಯನ್ನು ನಮ್ಮ ಹೊಂಡದ ಗದ್ದೆಯಲ್ಲೇ ಯಾಕೆ ನೆಡಬೇಕು? ಸುತ್ತ ಗುಡ್ಡ ಅಡ್ಡ ಇದೆ, ಹೊರಗಿನ ಗದ್ದಲ ಬರುವುದಿಲ್ಲ ಎನ್ನುತ್ತೀ. ಆ ಗುಡ್ಡಗಳು ನಮ್ಮ ಕೂಗನ್ನೂ ಹೊರಗೆ ಬಿಡುವುದಿಲ್ಲ. ಜುಲೈಯಲ್ಲಿ ಅಲ್ಲಿ ಸೊಂಟದವರೆಗೆ ನೀರು ನಿಲ್ಲುತ್ತದೆ ಎಂಬುದನ್ನು ಅವತ್ತು ಅವರಿಗೆ ಹೇಳಲಿಲ್ಲ, ಟವರ್ ತಪ್ಪಿಹೋದೀತು ಎಂಬ ಹೆದರಿಕೆಗೆ.

ನಮ್ಮ ಗ್ರಹಚಾರ ನೋಡು, ಅದೇ ವಾರ ನಿಜವಾದ ಟವರಿಗೂ ಒಪ್ಪಿಗೆ ಬಂತು. ನಾಳೆ ಗ್ರಾಮಸಭೆ. ಟವರಿಗೆ ಜಾಗ ಕೊಡುತ್ತೀರೋ, ಟೆಲಿಸ್ಕೋಪಿಗಾಗಿ ಟವರ್ ಬಿಡುತ್ತೀರೋ ಎಂದು ಕೇಳುತ್ತಾರೆ. "ಟವರ್ ಬೇಡ ಅಂತ ಊರವ್ರಿಗೆ ನೀನೇ ಹೇಳು, ನಿನ್ನ ಮಾತು ಕೇಳ್ತಾರೆ" ಎಂದು ಭಾನುವಾರ ನೀನು ಹೇಳಿದೆ. ಅದಾದ ಮೇಲೆ, "ಜಾಗ ಅಲ್ಲೇ ಆದ್ರೆ ನನ್ನನ್ನೇ ಅಲ್ಲಿಗೆ ಹಾಕ್ತಾರೆ" ಎಂದೂ ಅಂದೆ. ಅಷ್ಟು ಹೊತ್ತಿಗೆ ಫೋನ್ ಆಫ್. ಮದುವೆಯಾದಾಗಿನಿಂದ ನಾವು ಒಂದು ಮಳೆಗಾಲವನ್ನು ಪೂರ್ತಿ ಒಂದೇ ಮನೆಯಲ್ಲಿ ಕಳೆದಿಲ್ಲ. ನೀನು ಇಲ್ಲಿ ಇರಬೇಕು ಎಂಬ ಆಸೆ ನನಗಿರುವಷ್ಟು ಯಾರಿಗಿದೆ? ಆ ಆಸೆಯನ್ನು ನನ್ನೆದುರು ತೂಗುಹಾಕಿ, ಊರಿನ ಬಾಯಿ ಮುಚ್ಚಿಸು ಎಂದು ನನ್ನನ್ನೇ ಮುಂದೆ ನೂಕಿದೆಯಲ್ಲ, ಸಿಟ್ಟು ಅದಕ್ಕೆ.

ಸಿಟ್ಟಿದ್ದರೂ ಭಾನುವಾರ ನಾನು ನಿನ್ನ ಮಾತಿಗೆ ಬಹುಮಟ್ಟಿಗೆ ಒಪ್ಪಿಕೊಂಡೇ ಮನೆಗೆ ಬಂದಿದ್ದೆ. ಸೋಮವಾರ ಮಧ್ಯಾಹ್ನ ಗಿಡ್ಡಪ್ಪನ ಸೊಸೆ ಮೋನಿಕಾಗೆ ದಿನ ತುಂಬುವ ಮೊದಲೇ ಹೆರಿಗೆ ನೋವು ಶುರುವಾಯಿತು. ಅವಳ ಗಂಡ ಯೋಗೇಶ್ ಆ ಕಲ್ಲಿನ ಮೇಲೆ ಫೋನ್ ಎತ್ತಿ ಹಿಡಿದು ಆ ಕಡೆ ಈ ಕಡೆ ತಿರುಗಿದ್ದೇ ತಿರುಗಿದ್ದು, ಅವತ್ತು ಕಲ್ಲೂ ಕೈಕೊಟ್ಟಿತು. ಕೊನೆಗೆ ಬೈಕಿನಲ್ಲಿ ಸಂಸೆಗೆ ಓಡಿ ಜೀಪು ಕರೆತಂದ. ಕಳಸ ಮುಟ್ಟುವ ಮೊದಲೇ ಹೆರಿಗೆಯಾಯಿತು. ಜೀಪನ್ನು ರಸ್ತೆ ಬದಿಗೆ ನಿಲ್ಲಿಸಿ ಶಿವಗಂಗಮ್ಮ ಸೀರೆ ಅಡ್ಡ ಹಿಡಿದರು. ಹೆಣ್ಣುಮಗು, ತಾಯಿ ಮಗು ಇಬ್ಬರೂ ಉಳಿದುಕೊಂಡರು. ನಿನ್ನೆ ಗಿಡ್ಡಪ್ಪ ಕೆಲಸಕ್ಕೆ ಬಂದವನು ಈ ವಿಷಯ ಎತ್ತಲೇ ಇಲ್ಲ. "ಸಭೇಲಿ ನೀವ್ ಹೇಳ್ದಂಗೆ ಗೌಡ್ರೇ" ಎಂದಷ್ಟೇ ಹೇಳಿ ಕಾಳುಮೆಣಸು ಕೊಯ್ಯುವ ಏಣಿ ತೆಗೆದುಕೊಂಡು ಹೋದ. ಬೈದಿದ್ದರೆ ವಾಸಿಯಿತ್ತು.

ನಿನ್ನನ್ನು ಬೈಯಬೇಕು ಎಂದು ಕೂತರೆ ನೀನು ಕಷ್ಟಪಟ್ಟ ವರ್ಷಗಳು ಕಣ್ಣಮುಂದೆ ಬರುತ್ತವೆ. ಊರವರಿಗೆ ಟವರ್ ಬಿಡಿ ಎನ್ನೋಣವೆಂದರೆ ರಸ್ತೆ ಬದಿಗೆ ನಿಂತ ಆ ಜೀಪು ಕಣ್ಣಮುಂದೆ ಬರುತ್ತದೆ. ಅಮ್ಮನನ್ನು ಕೇಳಿದರೆ, "ನಂಗೆ ಸೊಸೆ ಬೇಕು, ಟವರೂ ಬೇಕು" ಎಂದು ಒಳಗೆ ಹೋದರು.

ಅಮ್ಮ ಆಶೀರ್ವಾದ ತಿಳಿಸಿದ್ದಾರೆ. ಅರ್ಚನಾಗೆ ನನ್ನ ನೆನಪು ಹೇಳು, ಅವಳ ಮೇಲೆ ಏನೂ ಬೇಸರವಿಲ್ಲ.

ಸಿಟ್ಟಿನಲ್ಲಿದ್ದರೂ ನಿನ್ನವನೇ ಆದ
ರಂಗನಾಥ

ತಾ.ಕ.: ಶುಕ್ರವಾರ. ಕಳಸದ ಅಂಚೆ ಕಚೇರಿಯಲ್ಲಿ ನಿಂತು ಗೀಚುತ್ತಿದ್ದೇನೆ, ಬಸ್ಸು ಹೊರಡುವುದರಲ್ಲಿದೆ. ಸಭೆ ಮುಗಿಯಿತು. ಟವರ್ ಬೇಕೆನ್ನುವವರು ಕೈ ಎತ್ತಿ ಎಂದಾಗ ಒಬ್ಬರೂ ಎತ್ತಲಿಲ್ಲ. ಟೆಲಿಸ್ಕೋಪ್ ಆದರೆ ನೀನೂ ಬಂದು ಇಲ್ಲೇ ಇರುತ್ತೀಯ ಎಂಬ ಸುದ್ದಿಯನ್ನು ಅಮ್ಮ ಎಲ್ಲರಿಗೂ ಹೇಳಿಬಿಟ್ಟಿದ್ದರಂತೆ. ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಗಿಡ್ಡಪ್ಪ ಕೈಕಟ್ಟಿಕೊಂಡು ನೆಲ ನೋಡುತ್ತಿದ್ದ. ಯೋಗೇಶ್ ಕೂಡ ಕೈ ಎತ್ತಲಿಲ್ಲ. ಕೊನೆಗೆ ನಾನೇ ಎತ್ತಿದೆ, ಆಮೇಲೆ ಎಲ್ಲರೂ ಎತ್ತಿದರು. ನೀನು ಬರುವುದನ್ನು ತಪ್ಪಿಸಿದವನು ನಾನು, ಬೇರೆ ಯಾರನ್ನೂ ಬೈಯಬೇಡ. ಮೆಣಸು ಕೊಯ್ದು ಮುಗಿಸಿ ಪುಣೆಗೆ ಬರುತ್ತೇನೆ. ಎಷ್ಟು ಕೋಪವಿದ್ದರೂ ಬಾಗಿಲು ತೆಗಿ.