ಚಿತ್ರದಲ್ಲಿದ್ದ ಚುಕ್ಕಿ

ರೀ,

ಇವತ್ತು ನಡೆದದ್ದನ್ನು ನಿಮಗಲ್ಲದೆ ಇನ್ಯಾರಿಗೂ ಹೇಳುವಂತಿಲ್ಲ. ನೀವೋ ತೀರಿಹೋದಿರಿ. ಅದಕ್ಕೇ ಬರೆಯುತ್ತಿದ್ದೇನೆ.

ಮದುವೆಯಾಗುವ ಹೆಣ್ಣುಮಕ್ಕಳಿಗೆ ಪಾಠ ಹೇಳಲು, ಹೆಣ್ಣಿನ ಗುಪ್ತಾಂಗವನ್ನು ಬಟ್ಟೆಯಲ್ಲಿ ಹೊಲಿದುಕೊಡಿ ಎಂದು ಆಸ್ಪತ್ರೆಯ ನರ್ಸ್ ಒಂದು ಚಿತ್ರ ಕೊಟ್ಟಿದ್ದಳು. ನನ್ನ ಹೊಲಿಗೆ ಅಂಗಡಿಯ ಬಾಗಿಲು ಮುಂದೆ ಮಾಡಿಕೊಂಡು ಹೊಲಿದೆ. ಮಡಿಕೆಗಳೆಲ್ಲ ನೀಟಾಗಿ ಬಂದಿದ್ದವು. ಇವತ್ತು ಅವಳು ನೋಡಿದವಳೇ ನಕ್ಕಳು.

“ಅಕ್ಕಾ, ಮುಖ್ಯವಾದದ್ದನ್ನೇ ನುಂಗಿಬಿಟ್ಟಿದ್ದೀರಲ್ಲ! ಚಿತ್ರದಲ್ಲಿ ಮೇಲ್ಗಡೆ ಇರೋ ಈ ಮೊಗ್ಗಿನಂಥದ್ದು ಎಲ್ಲಿ?”

“ಶಾಯಿ ಬಿದ್ದ ಚುಕ್ಕಿ ಅಂದ್ಕೊಂಡೆ ಕಣಮ್ಮ.”

“ಚುಕ್ಕಿಯಲ್ಲ, ಭಗಾಂಕುರ. ಹೆಂಗಸಿಗೆ ಸುಖ ಸಿಗೋದು ಹೆಚ್ಚಾಗಿ ಇಲ್ಲಿಂದಾನೇ. ಇದನ್ನ ಮರೆತು ಗಂಡ ಎಷ್ಟು ಹೆಣಗಾಡಿದ್ರೂ ಎಷ್ಟೋ ಜನಕ್ಕೆ ಏನೂ ಆಗಲ್ಲ. ಅವರಲ್ಲಿ ಯಾವ ಐಬೂ ಇರಲ್ಲ ಅಕ್ಕಾ.”

ನಾನು ತಲೆ ಎತ್ತದೆ ಸೂಜಿಗೆ ದಾರ ಪೋಣಿಸಿದೆ. ಕೆಂಪು ಬಟ್ಟೆಯ ಚೂರಿಗೆ ಹತ್ತಿ ತುಂಬಿ, ಬಟಾಣಿ ಕಾಳಿನಷ್ಟು ಮಾಡಿ, ಅದರ ಜಾಗದಲ್ಲಿ ಹೊಲಿದೆ. ಬಟನ್ ಹಾಕುವಷ್ಟೂ ಹೊತ್ತು ಹಿಡಿಯಲಿಲ್ಲ.

ದೀಪ ಆರಿಸಿದ ಮೇಲೆ ನೀವು ಮೆಲ್ಲಗೆ ಕೇಳುತ್ತಿದ್ದಿರಿ, “ನಿಂಗೂ ಹಿತವಾಯ್ತಾ? ನಾನೇನಾದ್ರೂ ತಪ್ಪು ಮಾಡ್ತಿದ್ದೀನಾ?” ನನ್ನಲ್ಲೇ ಏನೋ ಕೊರತೆ ಅಂದುಕೊಂಡು ನಾನು “ನಿಮ್ಮ ತಪ್ಪೇನೂ ಇಲ್ಲ, ಮಲಗಿ” ಅನ್ನುತ್ತಿದ್ದೆ. ಆಮೇಲಾಮೇಲೆ ನೀವು ಕೇಳುವುದನ್ನು ಬಿಟ್ಟಿರಿ. ಹತ್ತಿರ ಬರುವುದನ್ನೂ ಬಿಟ್ಟಿರಿ.

ಈಗ ಉತ್ತರ ಗೊತ್ತಾಗಿದೆ. ಮಂಚದ ಮೇಲೆ ನಿಮ್ಮ ಜಾಗದಲ್ಲಿ ಹೊಲಿಯಬೇಕಾದ ಬಟ್ಟೆಗಳನ್ನು ಪೇರಿಸಿಟ್ಟುಕೊಂಡಿದ್ದೇನೆ.